ಬೂದು ಅಸ್ತರು

ಮೂವತ್ತೆಂಟು ವರುಷ ಹಡಗುಗಳ ಹೊಟ್ಟೆಗೆ
ಕೆಂಪು ಸೀಸದ ಅಸ್ತರು ಬಳಿದವಳು ನಾನು,
ಲಿಯೆಪಾಯದ ಹಡಗುಕಟ್ಟೆಯಲ್ಲಿ,
ಹಗ್ಗಕ್ಕೆ ತೂಗುಬಿಟ್ಟ ಹಲಗೆಯ ಮೇಲೆ ಕೂತು
ಗಾಳಿಗೆ ಬಯ್ಯುತ್ತ.
ತುಕ್ಕು ಕೆರೆ, ಜಿಡ್ಡು ಒರೆಸು, ಒಣಗಲು ಬಿಡು, ಬಳಿ.
ಉಕ್ಕು ಹೇಳಿದ ಮಾತು ಕೇಳುತ್ತಿತ್ತು.

ಈಗ ಅಡುಗೆಮನೆಯ ಮೇಜಿನ ಮೇಲೆ
ಹತ್ತೊಂಬತ್ತು ಯೂರೋ ಕೊಟ್ಟು ತಂದ ಮೀನುಹಡಗು,
ಗೇಣುದ್ದ, ಪ್ಲಾಸ್ಟಿಕ್ಕಿನದು,
ನೂರ ನಲವತ್ತನಾಲ್ಕರಲ್ಲೊಂದು ಪಾಲು.
ಇದರ ದೊಡ್ಡಕ್ಕನಿಗೆ ಬಳಿದ ಕೈ ಇದೇ.
ತಂಗಿಗೆ ಲೆಕ್ಕವೇ ಇಲ್ಲ.

ಮೊದಲ ಸಲ ಡಬ್ಬಿ ತಣ್ಣಗಿತ್ತು.
ಬಾಲ್ಕನಿಯಲ್ಲಿ ಮಾರ್ಚಿಯ ಚಳಿ.
ಒತ್ತಿದರೆ ತುಂತುರು ಬರಲಿಲ್ಲ, ಉಗುಳು ಬಂತು.
ಹಡಗಿನ ಮುಖಕ್ಕೆಲ್ಲ ಸಿಡುಬು.

ಎರಡನೇ ಸಲ ಡಬ್ಬಿಯನ್ನು
ಹಾಲಿನ ಬಾಟಲಿಯಂತೆ ಬೆಚ್ಚನೆ ನೀರಲ್ಲಿ ಕೂರಿಸಿ,
ಅಲ್ಲಾಡಿಸಿ, ಅಲ್ಲಾಡಿಸಿ, ಒಳಗಿನ ಗೋಲಿ ಟಕಟಕಿಸಿ,
ದೂರ ನಿಂತು ಊದಿದೆ.
ಸಮುದ್ರದ ಗಾಳಿ ಕಾದು ಕೂತಿತ್ತೇನೋ,
ಬಣ್ಣ ಅರ್ಧ ದಾರಿಯಲ್ಲೇ ಒಣಗಿ
ಮರಳಾಗಿ ಇಳಿಯಿತು.

ಮೂರನೆಯದು ಹಟ. ಹತ್ತಿರ ಹಿಡಿದೆ, ದಪ್ಪಗೆ ಹೊಡೆದೆ.
ಕಿಟಕಿಗಳು ಕಣ್ಣು ಮುಚ್ಚಿದವು,
ಕೂದಲೆಳೆಯ ಗೆರೆಗಳು ಹೂತುಹೋದವು,
ಎಣಿಸಿ ಕೂರಿಸಿದ ಮೊಳೆತಲೆಗಳು
ಮುಳುಗಿದವರ ಹಾಗೆ ಒಂದೊಂದಾಗಿ ಇಲ್ಲವಾದವು.
ಉಕ್ಕಿಗೆ ದಪ್ಪವೆಂದರೆ ಕವಚ.
ಇದಕ್ಕೆ ಹೆಣದ ಬಟ್ಟೆ.

ಸ್ಪಿರಿಟ್ಟಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ
ಇಡೀ ರವಿವಾರ ಉಜ್ಜಿ ಕಳಚಿದೆ.
ಅಂಗಡಿಯ ತಾಲಿವಾಲ್ದಿಸ್ ಕನ್ನಡಕ ಏರಿಸಿ ಕೇಳಿದ:
"ತೊಳೆದಿರಾ, ಜೈಗಾ?
ಅಚ್ಚಿನಿಂದ ಬಿಡಿಸಲು ಸವರಿದ ಎಣ್ಣೆ
ಮೈಗೆ ಅಂಟಿರುತ್ತದೆ, ಆಗತಾನೆ ಹುಟ್ಟಿದ ಕೂಸಿನಂತೆ."

ಜಿಡ್ಡು ಒರೆಸದ ಹುಡುಗಿಯರನ್ನು
ಹಲಗೆಯಿಂದ ಕೆಳಗಿಳಿಸಿ ಮನೆಗಟ್ಟಿದ್ದವಳು ನಾನು.
ಅಸ್ತರು ಬೇಕಿರಲಿಲ್ಲ ಆವತ್ತು ನನ್ನ ಮುಖಕ್ಕೆ,
ತಾನಾಗಿಯೇ ಬೂದಾಯಿತು.

ನಾಲ್ಕನೇ ಸಲ:
ಪಾತ್ರೆಯ ಸೋಪು, ಎರಡು ಸಲ ನೀರು,
ದೂಳು ಕೂರದಂತೆ ಸೂಪಿನ ಪಾತ್ರೆ ಕವುಚಿ ಒಂದು ರಾತ್ರಿ,
ಆಮೇಲೆ ತೆಳುವಾಗಿ, ಉಸಿರಿನಷ್ಟು ತೆಳುವಾಗಿ,
ನಿಲ್ಲಿಸಿ, ಕಾದು, ಮತ್ತೊಂದು ಉಸಿರು.

ಬಂತು. ಬೆಳಗಿನ ಬಾಲ್ಟಿಕ್ ಸಮುದ್ರದ ಬೂದು,
ಒಂದೂ ಅಲೆ ಇಲ್ಲದ್ದು.

ಬಂದದ್ದೇ ತಡ, ಚಾಡಿ ಶುರು.
ಬಿಳಿಯಲ್ಲಿ ಕಾಣದ ಬೆಸುಗೆಯ ಗೆರೆ
ಮೂತಿಯಿಂದ ಬಾಲದ ತನಕ ಎದ್ದು ನಿಂತಿತು.
ತುಂಬಿ ನುಣುಪಾಯಿತೆಂದುಕೊಂಡ ತಗ್ಗು ಬಾಯಿ ತೆರೆಯಿತು.
ಬಣ್ಣ ಮುಚ್ಚುತ್ತದಂತೆ! ಯಾರು ಹೇಳಿದ್ದು?
ಇಲ್ಲಿ ಬಣ್ಣ ಬಳಿಯುವ ಮುಂಚೆಯೇ
ಬಣ್ಣ ಬಯಲು.

ಮತ್ತೆ, ಚುಕ್ಕಾಣಿಕೋಣೆಯ ಎಡಕ್ಕೆ
ಒಂದು ಹೆಬ್ಬೆಟ್ಟು.
ಅಷ್ಟೇ ಜಾಗ ಬಿಟ್ಟು ಬೂದು ಹಿಂಜರಿದು ನಿಂತಿದೆ,
ಸುಳಿ ಸುಳಿಯಾಗಿ, ಸ್ಪಷ್ಟ.

ನನ್ನದಲ್ಲ.
ನನ್ನ ಬೆರಳ ಗೆರೆಗಳನ್ನು ಥಿನ್ನರು ಎಂದೋ ನೆಕ್ಕಿಬಿಟ್ಟಿದೆ.
ಪಾಸ್‌ಪೋರ್ಟಿನ ಕಚೇರಿಯಲ್ಲಿ ಯಂತ್ರ ಮೂರು ಸಲ
ಇಲ್ಲ ಎಂದಿತು,
ಕಿಟಕಿಯಾಚೆಯ ಹುಡುಗಿ ನನ್ನ ಕೈಯನ್ನು
ತಿರುಗಿಸಿ ತಿರುಗಿಸಿ ನೋಡಿದಳು.
ಈ ಹೆಬ್ಬೆಟ್ಟು ಚಿಕ್ಕದು. ಮೂಗಿಗೆ ಹಿಡಿದರೆ
ಹೊಗೆಮೀನಿನ ಎಣ್ಣೆ.

ಕೆಳಮನೆಯ ರೆನಾರ್ಸ್, ಎಂಟು ವರುಷ.
ನಿನ್ನೆ ಮಧ್ಯಾಹ್ನ ಪಾತ್ರೆ ಎತ್ತಿ
"ನೋಡಿದೆ ಅಷ್ಟೇ" ಎಂದಿದ್ದ.

ಕರೆದೆ. ಕೇಳಲಿಲ್ಲ. ಅವನೂ ಹೇಳಲಿಲ್ಲ.
ಸ್ಟೂಲು ಎಳೆದು, ಬಟ್ಟಲಲ್ಲಿ ನೀರಿಟ್ಟು,
ಸಾವಿರ ನಂಬರಿನ ಉಜ್ಜುಕಾಗದದ ಚೂರು ಕೊಟ್ಟೆ.
"ಅದ್ದು. ಒತ್ತಬೇಡ. ಒಂದೇ ದಿಕ್ಕಿಗೆ."

ಬೂದು ಹಾಲಾಗಿ ಇಳಿಯಿತು ಅವನ ಮಣಿಕಟ್ಟಿನವರೆಗೆ.
ಸುಳಿಯ ಹೊರಗೆರೆ ಹೋಯಿತು, ಒಳಗೆರೆ ಹೋಯಿತು.
ನಾಲಗೆ ತುಟಿಯಂಚಿಗೆ ಬಂದಿತ್ತು, ಕೆಲಸ ಹಿಡಿದ ಗುರುತು.

"ಕೈ ತೊಳೆದು ಬಂದೆಯೇನೋ?"
"ಹೂಂ" ಅಂದ,
ಆಮೇಲೆ ಮೆಲ್ಲನೆ, ನಾನು ನೋಡುತ್ತಿಲ್ಲವೆಂದುಕೊಂಡು,
ಬೆರಳು ಮೂಸಿನೋಡಿಕೊಂಡ.