ಒಂದು ಸೇರು ಸಮುದ್ರ

ಮೇ ತಿಂಗಳು. ಶಹಾಬಾದಿನ ಫರ್ಸಿ ಹೊದ್ದ ಮನಿ
ರೊಟ್ಟಿ ಹಂಚಿನಂಗ ಕಾದದ.
ನಾನು ಕೌದಿ ಹೊಚ್ಚಿಕೊಂಡು ಕುಂತೀನಿ,
ಮೊಬೈಲಿಗೆ ಬಾಯಿ ಹಚ್ಚಿ,
ಜಡಿಮಳಿಯಾಗ ತೊಯ್ದ ಹುಡುಗಿಯ ನಡುಕ ಓದತೀನಿ.
ಹುಬ್ಬಿನ ಬೆವರು ಹಾಳಿ ಮ್ಯಾಲ ಬೀಳತದ.
ಅಕ್ಷರ ಖರೇನ ತೊಯ್ದವು.

ಕೌದಿ ಯಾಕಂದ್ರ, ಅದೇ ನನ್ನ ಸ್ಟುಡಿಯೋ.
ಅತ್ತಿ ಹೊಲಿದದ್ದು. ಮಾವನ ಧೋತರ, ಯಾರದೋ ಮದುವಿ ಸೀರಿ,
ಎಂಟು ಪದರ.
ಕಲ್ಲು ಕೊಯ್ಯುವ ಮಿಶನ್ನಿನ ಕಿರುಚು
ಏಳನೇ ಪದರದ ತನಕ ಬಂದು ನಿಲ್ಲತದ.
ರೈಲು ಮಾತ್ರ ನಿಲ್ಲೂದಿಲ್ಲ;
ಬೊಂಬಾಯಿ ಗಾಡಿ ಹಾಯೂ ತನಕ ನನ್ನ ನಾಯಕಿ
ಅರ್ಧ ಮಾತಿನ್ಯಾಗ ಬಾಯಿ ತೆರೆದು ಕಾಯತಾಳ.
ಗೋಡಿ ಆಚೆ ಜೈಬುನ್ನಿಸಾ, ಹೊಲಿಗಿಯಾಕಿ.
"ಆಯ್ತೇನ್ ಟೀಚರ್?" ಅಂತ ಕೇಳಿ, ಹೂಂ ಅಂದ ಮ್ಯಾಲೇ
ಮತ್ತ ಮಿಶನ್ ತುಳೀತಾಳ.
ಆ ಅರ್ಧ ತಾಸಿನ ಅರ್ಧ ಜಂಪರು
ನನ್ನ ಯಾವ ಲೆಕ್ಕದಾಗೂ ಇಲ್ಲ.

ಟೀಚರ್ ಅಂದ್ರ, ಮೊದಲ.
ಇಂಗ್ಲಿಷ್ ಮೀಡಿಯಂ ಸಾಲಿ, ಕನ್ನಡಕ್ಕ ಕೊನೀ ಪಿರಿಯಡ್ಡು,
ಪಗಾರ ಏಳೂವರಿ ಸಾವಿರ, ಸೂಟಿಯಾಗ ಅದೂ ಇಲ್ಲ.
ರಾಜೀನಾಮಿ ಕೊಟ್ಟೆ. ಹೆಡ್ ಮಾಸ್ತರು ಓದಿ,
ಎರಡು ಕಾಗುಣಿತ ತಿದ್ದಿ, ಕೇಳಿದರು:
"ಕಥಿ ಹೇಳಿದ್ರ ಹೊಟ್ಟಿ ತುಂಬತದೇನಮ್ಮ?"

ಕಂಪನಿಯವರಿಗೆ ಸಮುದ್ರ ಬೇಕಾಗಿತ್ತು.
ಕಡಲ ದಂಡಿಯ ಪ್ರೀತಿ, ಇನ್ನೂರು ಕಂತು,
ಕಂತಿಗೆ ಇಷ್ಟು, ಕೇಳಿದವರ ತಲಿಗೆ ಇಷ್ಟು.
ಸಮುದ್ರ ನಾನು ಕಂಡಿಲ್ಲ.
ಕಾಗಿಣಾ ಕಂಡೀನಿ. ಕಲ್ಲು ತಗದ ಖಣಿಯಾಗ
ನಿಂತ ನೀರು ಕಂಡೀನಿ, ಹಸರು, ಅಲುಗದ್ದು.
ಮೊರದಾಗ ಜ್ವಾಳ ಹೊರಳಿಸಿದೆ: ತುಂತುರು ಮಳಿ.
ಶೇಂಗಾ: ಯಾರೋ ಚಪ್ಪಲಿ ಎಳಕೊಂಡು ಬಂದಂಗ.
ತೊಗರಿಕಾಳು, ಮೆಲ್ಲಕ, ಈ ಅಂಚಿನಿಂದ ಆ ಅಂಚಿಗೆ...
ಅತ್ತಿ ಒಲಿ ಬಿಟ್ಟು ಎದ್ದು ಬಂದಳು:
"ಇದ್ಯಾರು ಉಸುರಾಡಲಿಕತ್ತಾರ?"

ಒಂದು ಸೇರು. ಸಮುದ್ರಕ್ಕ ಅಷ್ಟು ಸಾಕು.

ಹೊನ್ನಾವರದಾಂವ ಒಬ್ಬ, ದುಬೈದಾಗ ಲಾರಿ ಹೊಡೀತಾನಂತ,
ಹ್ಯಾಂಗೋ ನಂಬರ್ ಹುಡುಕಿ ಫೋನ್ ಮಾಡಿದ.
ಇದು ನಮ್ಮ ಮನೆ ಹಿಂದಿನ ತೆರೆಯೇ ಹೌದು ಅಂದ,
ಇಳಿತದ ಹೊತ್ತಿನದು, ನಸುಕಿನದು ಅಂದ.
ಆಮೇಲೆ ಬಹಳ ಹೊತ್ತು ಏನೂ ಅನ್ನಲಿಲ್ಲ.
ನಾನು ಹೂಂ ಅಂದೆ. ಮೊರ ತೊಡಿ ಮ್ಯಾಲಿತ್ತು.

ಶ್ರಾವಣದಾಗ ರೊಕ್ಕ ಬರಲಿಲ್ಲ.
ಕೇಳಿದವರ ತಲಿ ಅಷ್ಟೇ ಇದ್ದವು,
ತಲಿಯ ಬೆಲಿ ಇಳಿದಿತ್ತು.
ಖಣಿ ಬಂದಾಗಿ ಇವರೂ ಮನ್ಯಾಗ.
ಡಬ್ಬಿ ಎಲ್ಲಾ ಬಡಿದು ನೋಡಿದೆ,
ಉಳಿದದ್ದು ಮೊರದಾಗಿಂದು.
ನೂರಾ ಹನ್ನೆರಡು ಕಂತು ಉರುಳಿದ ಸಮುದ್ರವನ್ನ
ಮೂರು ನೀರಿನ್ಯಾಗ ತೊಳದು ಕುಕ್ಕರಿಗೆ ಹಾಕಿದೆ.
ಐದು ಸೀಟಿ. ಬಳ್ಳೊಳ್ಳಿ ಒಗ್ಗರಣಿ.
ಉಣ್ಣೂ ಮುಂದ ಇವರು ಅಂದರು,
"ಉಪ್ಪು ಕಮ್ಮಿ ಆಗ್ಯಾದ."

ಮರುದಿನದ ಕಂತಿನ್ಯಾಗ ನಾಯಕಿಯನ್ನ
ಬಸ್ಸು ಹತ್ತಿಸಿ, ಘಟ್ಟ ದಾಟಿಸಿ,
ದೂರದ ಸೋದರತ್ತೆಯ ಮನಿಗೆ ಕಳಿಸಿದೆ.
ಇಪ್ಪತ್ತು ದಿನ ಅಕಿ ಅಲ್ಲೇ ಇದ್ದಳು.

ಈಗ ನಡದದ. ಗೆದ್ದಿ ಬಿಡವಾ ಅಂತಾರ ಮಂದಿ.
ಹೆಡ್ ಮಾಸ್ತರು ಮಗಳನ್ನ ಕರಕೊಂಡು ಬಂದು
ಇಕಿಗೂ ಒಂದೀಟು ಕಲಿಸು ಅಂದರು,
ಚಾ ಕುಡಿದರು, ಕೌದಿ ಮುಟ್ಟಿ ನೋಡಿದರು.
ತಿಂಗಳಿಗೆ ಎಷ್ಟು ಬರತದ ಅಂದ್ರ ನಾನು ಹೇಳೂದಿಲ್ಲ,
ಮಾಡದಾಗಿನ ಎರಡು ಡಬ್ಬಿ ತೋರಸ್ತೀನಿ.
ಒಂದರಾಗಿಂದ ದಿನಾ ತಗೀತೀವಿ.
ಇನ್ನೊಂದು ಹ್ವಾದ ದೀಪಾವಳಿಯಿಂದ
ಕಾಳೊಂದೂ ಕಮ್ಮಿಯಾಗಿಲ್ಲ.

ಸಮುದ್ರಕ್ಕ ಹುಳ ಹತ್ತಬಾರದಂತ
ತಿಂಗಳಿಗೊಮ್ಮೆ
ಬೇವಿನೆಲಿ ಬದಲಿಸ್ತೀನಿ.