ಲಾಳದ ಕಡ್ಡಿ

ಇನಾಸ ಬರ್ರೆಟೊ ಮಾಸ್ತರನ ದನಿ ಉಳಿದದ್ದು ಇಷ್ಟೇ:
ಅಂಚು ಒಡೆದ ಒಂದು ತಟ್ಟೆ,
ಅದರೊಳಗೆ, ಯಾರೋ ಹೆಣ್ಣುಮಗಳು ಹಾಡುತ್ತ ಉಸಿರು ತಗೊಳ್ಳುವಲ್ಲಿ
ಹನ್ನೊಂದು ಸೆಕೆಂಡು ಕ್ಲಾರಿನೆಟ್.
ಚೀಟಿಯ ಮೇಲೆ ಆಕೆಯ ಹೆಸರಿದೆ.
ಕೆಳಗೆ, ಸಣ್ಣಕ್ಷರದಲ್ಲಿ, ‘ವಾದ್ಯವೃಂದದೊಂದಿಗೆ’.
ಆ ವೃಂದದೊಳಗೆ ನಮ್ಮ ಮಾಸ್ತರ.

ಬೆಳಗಾವಿ ಪಲ್ಟಣದ ಬ್ಯಾಂಡಿನವನ ಮಗ.
ಕ್ಯಾಂಪಿನಲ್ಲಿ ಹಂಚಿನ ಮನೆ, ಹಿತ್ತಲಲ್ಲಿ ಕೋಳಿ.
ಹದಿನಾಲ್ಕಕ್ಕೆ ಮೂಕಿ ಸಿನೆಮಾದ ಪರದೆಯ ಕೆಳಗೆ ಕೂತು
ಕಳ್ಳ ಓಡಿದರೆ ಓಡಿಸುತ್ತ, ತಾಯಿ ಸತ್ತರೆ ಅಳಿಸುತ್ತ
ದಿನಕ್ಕೆ ಎಂಟಾಣೆ.
ಚಿತ್ರಕ್ಕೆ ಮಾತು ಬಂತು.
ಪರದೆಯ ಕೆಳಗಿನ ಐದು ಮಂದಿಯ ಬಾಯಿ ಹೋಯಿತು.

ಮುಂಬಯಿ. ಸಮುದ್ರಕ್ಕೆ ಮುಖ ಮಾಡಿದ ಹೋಟೆಲು,
ಒಳಗೆ ಹೋಗುವುದು ಅಡಿಗೆಮನೆಯ ಬಾಗಿಲಿಂದ.
ಬಿಳಿ ಕೋಟು ಹೋಟೆಲಿನದು, ಬೆವರು ಸ್ವಂತದ್ದು.
ಅಲ್ಲಿ ಚಿಕಾಗೋದಿಂದ ಬಂದ ಕಹಳೆಗಾರನೊಬ್ಬ
ಇವನ ಮುಂದಿನ ಕಾಗದ ಬೋರಲು ಹಾಕಿದನಂತೆ:
ಓದಿದ್ದು ಸಾಕು, ಈಗ ನೀನು ಹೇಳು.
“ಹೇಳಲಿಕ್ಕೆ ಏನೂ ಇರಲಿಲ್ಲ ನೋಡು.
ಅದಕ್ಕ ನಮ್ಮಪ್ಪ ಕೆಮ್ಮೂದನ್ನ ಊದಿದೆ.
ಮಂದಿ ಕುಣಿದರು.”

ಯುದ್ಧ ಬಂತು. ಹಡಗು ನಿಂತವು,
ಹಡಗಿನಲ್ಲಿ ಬರುವ ಕಡ್ಡಿ ನಿಂತವು.
ಕಡ್ಡಿಯಿಲ್ಲದ ಕ್ಲಾರಿನೆಟ್ ಒಂದು ಊದುಗೊಳವೆ,
ಒಲೆ ಹೊತ್ತಿಸಬಹುದು.
ಅದನ್ನು ಕಂಕುಳಲ್ಲಿಟ್ಟುಕೊಂಡು ಗಾಡಿ ಇಳಿದವನು
ನೆಟ್ಟಗೆ ವಡಗಾಂವಿಗೆ, ನಮ್ಮ ಮನೆಗೆ ಬಂದ.
ನಾವು ಭಜಂತ್ರಿಗಳು. ನಮ್ಮಪ್ಪ ಫಕೀರಪ್ಪನದು
ಸನಾದಿಯ ಪತ್ತಿ ಕೆತ್ತುವ ಕೈ.

ಇಬ್ಬರೂ ಕಂಗ್ರಾಳಿ ಕಡೆ ಮಾರ್ಕಂಡೇಯ ಹೊಳೆಗಿಳಿದು
ಲಾಳದ ಕಡ್ಡಿ ಕಡಿದು ತಂದರು,
ಕುಲಕರ್ಣಿ ನಮ್ಮ ಸಾಲ ಬರೆಯುತ್ತಿದ್ದ ಅದೇ ಲಾಳ.
ಮಾಳಿಗೆಯ ಮೇಲೆ ಒಣಗಿಸಿ, ಗಾಜಿನ ಚೂರಿನಿಂದ ಹೆರೆದು,
ನಾನು ಹಿಡಿದ ಚಿಮಣಿಗೆ ಅಡ್ಡ ಹಿಡಿದು ನೆರಳು ನೋಡಿ
ಮೂವತ್ತು ಕೆಟ್ಟವು.
ಮೂವತ್ತೊಂದನೆಯದು ಬಾತುಕೋಳಿಯಂತೆ ಕೂಗಿತು. ಅವ್ವ ನಕ್ಕಳು.

ಆಮೇಲೆ ಆ ಸ್ವರ.
ಅಪ್ಪ ಕತ್ತು ಓರೆ ಮಾಡಿದ:
“ಕೋಮಲ ಗಾಂಧಾರ ಅಲ್ಲ, ಶುದ್ಧನೂ ಅಲ್ಲ.
ಎರಡರ ನಡುವಿನ ಗಲ್ಲಿಯೊಳಗ ನಿಂತೈತಿ.”
“ಅದಕ್ಕ ನೀಲಿ ಅಂತಾರ.”
“ಸ್ವರಕ್ಕ ಬಣ್ಣ ಎಲ್ಲಿಂದ ಬಂತೋ?”
“ಪೆಟ್ಟು ಬಿದ್ದಲ್ಲಿ ಚರ್ಮ ಏನಾಗತೈತಿ?”
ಅಪ್ಪ ತಂಬಾಕು ಉಗುಳಿ ಬಂದು
ಸುಮ್ಮನೆ ತನ್ನ ಸನಾದಿ ಎತ್ತಿಕೊಂಡ.

ಮಾಸ್ತರ ಮತ್ತೆ ಮುಂಬಯಿಗೆ ಹೋಗಲಿಲ್ಲ.
ಖಡೇ ಬಜಾರಿನ ಹಿಂದೆ, ಬ್ಯಾಂಡ್ ಕಂಪನಿಯ ತಗಡಿನ ಕೋಣೆಯಲ್ಲಿ
ನಮ್ಮಂಥ ನಲವತ್ತು ಹುಡುಗರಿಗೆ ಕಲಿಸಿದ.
ದೇವರಂಥವನೇನಲ್ಲ. ಕುಡಿಯುತ್ತಿದ್ದ,
ತಪ್ಪಿದರೆ ಕ್ಲಾರಿನೆಟ್ ಒರೆಸುವ ಕೋಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದ.
ನನ್ನ ಇಪ್ಪತ್ತು ರೂಪಾಯಿ ಇನ್ನೂ ಅವನ ಕಡೆ ಇದೆ.
ಮುಂದಿನ ಹಲ್ಲು ಬಿದ್ದ ಮೇಲೆ ಕಡ್ಡಿ ಹಿಡಿತಕ್ಕೆ ಸಿಗಲಿಲ್ಲ,
ಚಹಾದ ಗ್ಲಾಸಿನ ಮೇಲೆ ಬೆರಳು ಆಡಿಸುತ್ತಿದ್ದ.
ಯಾವ ಹಾಡು ಅಂತ ನಮಗೆ ತಿಳಿಯುತ್ತಿತ್ತು.

ಮೊನ್ನೆ ಟಿಳಕವಾಡಿಯ ಎರಡನೇ ಗೇಟು ಬಿತ್ತು.
ಮದುವೆಯ ಮೆರವಣಿಗೆ ಹಳಿಯ ಈಚೆ ನಿಂತಿತು.
ಕುದುರೆಯ ಮೇಲೆ ಮದುಮಗ ಮೊಬೈಲು ನೋಡುತ್ತಿದ್ದ.
ಕೆಂಪು ಕೋಟಿನ ಹುಡುಗನೊಬ್ಬ, ಹದಿನೆಂಟೂ ಇಲ್ಲ,
ಸ್ಯಾಕ್ಸೊಫೋನು ಕೆಳಗಿಳಿಸಲಿಲ್ಲ.
ಗೂಡ್ಸ್ ಗಾಡಿ ಕೂಗಿತು.
ಆ ಕೂಗಿಗಿಂತ ತುಸು ಕೆಳಗೆ ತನ್ನ ಸ್ವರ ಇಟ್ಟು
ಹಾಗೇ ಎಳೆದು, ಬಗ್ಗಿಸಿ,
ಗಲ್ಲಿಯೊಳಗೆ ನಿಲ್ಲಿಸಿದ.

ಯಾರು ಕಲಿಸಿದರಪ್ಪ?
“ಯಾರೂ ಇಲ್ಲರಿ ಅಜ್ಜಾ. ನಮ್ಮ ಬ್ಯಾಂಡಿನಾಗ ಎಲ್ಲಾರೂ ಹಿಂಗ ಬಾರಸ್ತಾರ.”
ಕಡ್ಡಿ ಎಲ್ಲಿಯದು?
“ಪ್ಲಾಸ್ಟಿಕ್ಕರಿ. ಫೋನಿನ್ಯಾಗ ತರಿಸಿದ್ದು.”

ಗೇಟು ಎದ್ದಿತು.
ನಾನು ಹಾಲು ತರಬೇಕಾದದ್ದು ಎಡಕ್ಕೆ.
ಬಲಕ್ಕೆ, ಅವರ ಹಿಂದೆ, ಸ್ವಲ್ಪ ದೂರ ಹೋದೆ.