ಹಾಲು ಬಂದರೆ ಬೇಡ

ಬೆಳಿಗ್ಗೆ ಒಂದು ಗಂಟೆ ಕಾಲ, ಮಧ್ಯಾಹ್ನ ಒಂದು ಗಂಟೆ ಕಾಲ
ಮೆಲ್ಬರ್ನಿನ ಕೋಬರ್ಗಿನಲ್ಲಿ, ಶಾಲೆಯೆದುರು, ನನ್ನ ಕೆಲಸ
ಕೆಂಪು ಹಲಗೆ ಎತ್ತಿ ಕಾರು ನಿಲ್ಲಿಸುವುದು.
ಮಕ್ಕಳು ದಾಟಿ ಹೋದ ಮೇಲೆ ಉಳಿಯುವುದು
ನಾನು, ಅಗಲ ಅಂಚಿನ ಟೋಪಿ,
ಫುಟ್‌ಪಾತಿನ ಎರಡು ಚಪ್ಪಡಿ ನಡುವಿನ ಬಿರುಕು.

ಫೆಬ್ರವರಿಯ ಉರಿಬಿಸಿಲಿಗೆ ಅಲ್ಲೊಂದು ಸೊಪ್ಪು
ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿದೆ.
ಕೆಂಪು ದಂಟು. ಶಾಲೆ ಶುರುವಾದ ದಿನ
ಅಂಗಿಯ ಗುಂಡಿಯಷ್ಟಿತ್ತು, ಈಗ ಊಟದ ತಟ್ಟೆ.
ಗೋಣಿಸೊಪ್ಪು!
ಕಣ್ಣಿಗಿಂತ ಮೊದಲು ನಾಲಿಗೆ ಹೇಳಿತು,
ತೊಗರಿಬೇಳೆ, ಬೆಳ್ಳುಳ್ಳಿ ಒಗ್ಗರಣೆ ಸಮೇತ.

ಚೀಲ ಬಿಚ್ಚುವಷ್ಟರಲ್ಲಿ
ಮೂಲೆಮನೆಯ ಸ್ತಮಾತಿಯಾ ಗೇಟಿಗೊರಗಿ ಕೇಳಿದಳು:
ಏನು ಬೀಳಿಸಿಕೊಂಡೆ?
ತೋರಿಸಿದೆ.
ಎಂಬತ್ತೆರಡರ ಮಂಡಿ, ಮಡಚಲು ಹೊತ್ತು ಹಿಡಿಯಿತು.
ಅವರ ದ್ವೀಪದಲ್ಲೂ ಉಂಟಂತೆ ಆ ಸೊಪ್ಪು,
ಸೌತೆಕಾಯಿ, ಮೊಸರಿನ ಜೊತೆ, ಹಸಿಯಾಗೇ.
ಆದರೆ ಇದಲ್ಲ, ಅಂದಳು.
ಎಲೆ ನೋಡು. ಅದರದ್ದು ಉಬ್ಬು, ಎಳೆಮಗುವಿನ ಕಿವಿಯ ಹಾಲೆ;
ಇದರದ್ದು ಇಸ್ತ್ರಿ ಹಾಕಿಟ್ಟ ಹಾಗೆ ಚಪ್ಪಟೆ,
ನಡುವೆ ಯಾರೋ ಕಾಫಿ ಚೆಲ್ಲಿದ ಕಲೆ.
ಕಣ್ಣು ಸಾಲದಿದ್ದರೆ ಉಗುರಿದೆ.
ಚಿವುಟಿದಳು. ದಂಟಿನ ತುದಿಗೆ
ಸಾಸಿವೆ ಗಾತ್ರದ ಬಿಳಿ ಹನಿ.
ನೀರು ಬಂದರೆ ಬಾಣಲೆಗೆ, ಹಾಲು ಬಂದರೆ ಬೇಡ.

ಬೆಳ್ಳಗಿರುವುದೆಲ್ಲ ಹಾಲಲ್ಲ:
ಗಾದೆ ಬಾಯಲ್ಲಿತ್ತು ಚಿಕ್ಕಂದಿನಿಂದ,
ಬೆರಳಿಗೆ ಅಂಟಿದ್ದು ಈಗ.

ನಿಮ್ಮ ಭಾಷೇಲಿ ಇದಕ್ಕೇನು ಹೆಸರು?
ಕಳೆ, ಅಂದೆ, ಅರ್ಥ ಬಿಡಿಸಿ.
ಅದು ಹೆಸರಲ್ಲ, ಬೈಗುಳ, ಅಂದು ಒಳಗೆ ಹೋದಳು.

ಗುರುವಾರ ಕೌನ್ಸಿಲಿನ ಹುಡುಗ ಬಂದ, ಬೆನ್ನಿಗೆ ಡಬ್ಬಿ.
ಚಿವುಟಿ ನೋಡಲಿಲ್ಲ.
ಬಿರುಕಿನುದ್ದಕ್ಕೂ ನೀಲಿ ಮದ್ದು ಬಿಟ್ಟು
ಶೂ ಜೋಪಾನ, ಅಂದು ಮುಂದಿನ ಕಂಬಕ್ಕೆ ನಡೆದ.

ಮಾರ್ಚಿ ಮೂರನೇ ವಾರ
ಅದೇ ಸೀಳಿನಲ್ಲಿ ಒಂದು ಕುಡಿ, ದಪ್ಪ ಎಲೆ.
ಒಂದು ಕೈಯಲ್ಲಿ ಹಲಗೆ, ಬಗ್ಗಿ ಇನ್ನೊಂದರಲ್ಲಿ ಚಿವುಟಿದೆ.
ನೀರು.
ಇನ್ನೊಮ್ಮೆ ಚಿವುಟಿದೆ. ನೀರೇ.
ತಿನ್ನುವ ಹಾಗಿಲ್ಲ, ನೀಲಿ ಕುಡಿದ ನೆಲ.
ಆದರೂ ಗೇಟಿನತ್ತ ಕೂಗಿದೆ: ಸ್ತಮಾತಿಯಾ, ನೀರು!

ಹಿಂದಿನಿಂದ ಹಾರ್ನು.
ನಾಲ್ಕು ಕಾರು ಸಾಲಾಗಿ ನಿಂತಿದ್ದವು,
ಹಲಗೆ ಇನ್ನೂ ಮೇಲೇ ಇತ್ತು,
ದಾಟುವವರು ಯಾರೂ ಇರಲಿಲ್ಲ.